ಸಿದ್ದಕ್ಕ ಯಾವ ಮನೆಗೆ?

ನನ್ನ ಗಂಡನ ಅಕ್ಕ ಮರುಳಸಿದ್ದಮ್ಮನವರ ವಿಷಯ ಹೇಳುವ ಮೊದಲು ನನ್ನ ಬಗ್ಗೆ ಒಂದೆರಡು ಮಾತು ಹೇಳಿಬಿಡಬೇಕು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅಳುವೂ ಅಷ್ಟೇ ಹತ್ತಿರ. ಜೊತೆಗೆ, ಯಾರಿಗೆ ಯಾವುದು ಒಳ್ಳೆಯದು ಎನ್ನುವುದು ಅವರಿಗಿಂತ ಮೊದಲು ನನಗೇ ಗೊತ್ತಾಗಿಬಿಡುತ್ತದೆ. ಈ ಕೊನೆಯ ಗುಣದಿಂದ ಎಷ್ಟು ಜನರನ್ನು ಗೋಳು ಹುಯ್ದುಕೊಂಡಿದ್ದೇನೋ ನೆನಪಿಲ್ಲ. ಸಿದ್ದಕ್ಕನ ಸಂಗತಿ ಮಾತ್ರ ಮರೆತಿಲ್ಲ.

ಸಿದ್ದಕ್ಕನಿಗೆ ಆರನೇ ವಯಸ್ಸಿನಲ್ಲಿ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಮದುವೆ ಆಗಲಿಲ್ಲ. ಬಿ.ದುರ್ಗದಲ್ಲಿ ಅವರ ತಂದೆ ಪಂಚಾಕ್ಷರಪ್ಪನವರ ಮಣ್ಣಿನ ಮಾಳಿಗೆ ಮನೆಯಲ್ಲೇ ಬೆಳೆದರು. ಅರವತ್ತೊಂದನೇ ಇಸವಿಯಲ್ಲಿ ನಾನು ಆ ಮನೆಗೆ ಕಿರಿಸೊಸೆಯಾಗಿ ಬಂದಾಗ ಅವರಿಗೆ ಮೂವತ್ತೆರಡು ಇರಬೇಕು. ಮದುಮಗಳು ತಲೆ ಎತ್ತಬಾರದಲ್ಲ, ನಾನು ಯಾರ ಮುಖವನ್ನೂ ನೋಡಿರಲಿಲ್ಲ. ಯಾರೋ ಒಬ್ಬರು ಮುಂದೆ ಮುಂದೆ ನಡೆಯುತ್ತಾ, “ಇಲ್ಲಿ ಹೊಸಲು ಎತ್ತರ ಐತೆ, ಕಾಲೆತ್ತಿ ಇಡು. ಈ ಬಾಗಿಲಿಗೆ ತಲೆ ಬಗ್ಗಿಸು. ಇದು ನೀರಿನ ಮನೆ, ಇಲ್ಲಿ ಜಾರ್ತದೆ” ಎಂದು ಮನೆಯೆಲ್ಲ ತೋರಿಸಿದರು. ಸಂಜೆ ದೀಪ ಹಚ್ಚಿದ ಮೇಲೆ ಮುಖ ಎತ್ತಿ ನೋಡಿದರೆ, ಅವರಿಗೆ ಕಣ್ಣೇ ಇಲ್ಲ. ನಾನು ಅಲ್ಲೇ ಅತ್ತುಬಿಟ್ಟೆ. ಅವತ್ತಿನಿಂದಲೇ ಈ ಹೆಂಗಸಿಗೆ ನಾನಲ್ಲದೆ ಇನ್ಯಾರು ಎಂದು ತೀರ್ಮಾನ ಮಾಡಿಕೊಂಡೆ.

ಅವರಿಗೆ ನನ್ನ ಅಗತ್ಯವೇನೂ ಇದ್ದಂತಿರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ಎರಡು ಎಮ್ಮೆ ಕರೆಯುತ್ತಿದ್ದರು, ಮಜ್ಜಿಗೆ ಕಡೆಯುತ್ತಿದ್ದರು, ಹಿತ್ತಲ ಬಾವಿಯಿಂದ ನೀರು ಸೇದುತ್ತಿದ್ದರು. ಕೊಡ ತುಂಬಿತೋ ಇಲ್ಲವೋ ಸದ್ದಿನಲ್ಲೇ ತಿಳಿಯುತ್ತಿತ್ತು. ಒಂದು ಸಲ ನಮ್ಮ ಮನೆಯವರು ನಾಟಕ ನೋಡಿಕೊಂಡು ಬೆಳಗಿನ ಜಾವ ಕಳ್ಳಹೆಜ್ಜೆಯಲ್ಲಿ ಬಂದರೆ, ಕೊಟ್ಟಿಗೆಯಿಂದಲೇ, “ಮುರುಗೇಶಿ, ಚಪ್ಲಿ ಕೈಯಾಗೆ ಹಿಡ್ಕಂಡು ಬಂದ್ರೆ ಗೊತ್ತಾಗಲ್ಲ ಅನ್ಕಂಡ್ಯಾ?” ಎಂದಿದ್ದರು.

ಆ ಮನೆಯಲ್ಲಿ ನನಗೆ ಸೇರದಿದ್ದವರು ಒಬ್ಬರೇ, ನನಗಿಂತ ಏಳು ವರ್ಷ ಮೊದಲೇ ಸೊಸೆಯಾಗಿ ಬಂದಿದ್ದ ನನ್ನ ವಾರಗಿತ್ತಿ ಪಾರ್ವತಕ್ಕ. ಭಾವ ಗಂಗಾಧರಪ್ಪನವರು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಉಳಿದದ್ದನ್ನೆಲ್ಲ ಅವರ ಹೆಂಡತಿ ಆಡುತ್ತಿದ್ದರು. ಬೆಳಗಾದರೆ ಬೈಗುಳ. ಆಳಿಗೆ, ಮಕ್ಕಳಿಗೆ, ನನಗೆ, ಎಲ್ಲರಿಗೂ. ಸಿದ್ದಕ್ಕನಿಗೂ ವಿನಾಯಿತಿ ಇರಲಿಲ್ಲ. ಎಂದಾದರೊಂದು ದಿನ ಏಳುವುದು ತಡವಾದರೆ, “ಏಳಮ್ಮ, ಎಮ್ಮೆ ಒದರ್ತಾ ಅವೆ, ಇನ್ನೂ ಎಷ್ಟೊತ್ತು ಮಲಗ್ತೀಯ?” ಎಂದು ಕೂಗುವಾಗ ನನ್ನ ಮೈ ಉರಿಯುತ್ತಿತ್ತು. ನಾನು ಓಡಿಹೋಗಿ ಸಿದ್ದಕ್ಕನ ಕೈಯಿಂದ ಕೊಡ ತೆಗೆದುಕೊಂಡರೆ, “ಬಿಡೇ, ಅವಳ ಕೊಡ ಅವಳು ತರ್ತಾಳೆ. ನಿನ್ ಕೆಲ್ಸ ನೋಡು” ಎನ್ನುತ್ತಿದ್ದರು. ಇಂಥ ಕಲ್ಲು ಮನಸ್ಸಿನವರ ಜೊತೆ ಹದಿಮೂರು ವರ್ಷ ಒಂದೇ ಒಲೆಯಲ್ಲಿ ಅಡಿಗೆ ಮಾಡಿದೆ.

ಮಾವನವರು ತೀರಿಕೊಂಡ ಮಾರನೆಯ ವರ್ಷ, ಎಪ್ಪತ್ತನಾಲ್ಕರಲ್ಲಿ, ಅಣ್ಣತಮ್ಮಂದಿರು ಬೇರೆಯಾದರು. ಜಗಳವೇನಿಲ್ಲ. ನಮ್ಮ ಕಡೆ ಪಾಲು ಮಾಡುವವನು ಹಿರಿಯ, ಆರಿಸಿಕೊಳ್ಳುವವನು ಕಿರಿಯ. ಭಾವ ಹೊಲ ತೋಟಗಳನ್ನು ಸರಿಸಮ ಮಾಡಿ, ಎರಡು ಮನೆಗಳನ್ನು ಒಂದೊಂದು ಪಾಲಿಗೆ ಇಟ್ಟು, “ನೀನೇ ಆರಿಸ್ಕಳಪ್ಪ” ಎಂದು ತಮ್ಮನಿಗೆ ಬಿಟ್ಟರು. ಒಂದು ಈ ಮಾಳಿಗೆ ಮನೆ. ಇನ್ನೊಂದು ಮಾವನವರು ತೆಂಗಿನಕಾಯಿ ವ್ಯಾಪಾರ ಮಾಡುವಾಗ ಹೊಳಲ್ಕೆರೆಯಲ್ಲಿ ಕಟ್ಟಿಸಿದ ಹೆಂಚಿನ ಮನೆ; ಬಾಡಿಗೆಗಿದ್ದ ಮೇಷ್ಟ್ರು ವರ್ಗವಾಗಿ ಹೋಗಿ ಅದು ಖಾಲಿ ಬಿದ್ದಿತ್ತು.

ನಮ್ಮ ಮನೆಯವರು ಮೂರು ದಿನ ಯೋಚಿಸಿದರು. ಅವರಿಗೆ ಹೊಳಲ್ಕೆರೆಯ ಸೊಸೈಟಿಯಲ್ಲಿ ಗುಮಾಸ್ತೆ ಕೆಲಸ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಆದರೂ ಮನಸ್ಸು ಹಳೆಯ ಮನೆಯ ಮೇಲೆ. “ಬಾವಿ ನೀರು ಎಷ್ಟು ಸಿಹಿ ಐತೆ. ಅಲ್ಲಿ ನೀರಿಗೆ ಬೇಳೆ ಬೇಯಲ್ಲ. ಎಮ್ಮೆ ಕಟ್ಟಾಕೆ ಜಾಗಿಲ್ಲ. ಮುಂದ್ಗಡೆ ಹಗಲೂ ರಾತ್ರಿ ಲಾರಿ” ಎಂದು ಶುರು ಮಾಡಿದರು. ನಾನು ಬಿಡುತ್ತೇನೆಯೇ? “ಇಲ್ಲಿ ವರ್ಷಾ ವರ್ಷಾ ಮಾಳಿಗೆಗೆ ಮಣ್ಣು ಹಾಕ್ಸೋರು ಯಾರು? ಹಾಕ್ಸಿದ್ರೂ ಸೋರ್ತದೆ. ಚೇಳು ಕಚ್ಚಿದ್ರೆ ಡಾಕ್ಟ್ರು ಅದಾರಾ? ಅಲ್ಲಿ ಕರೆಂಟ್ ಐತೆ, ಬಾಗಿಲಲ್ಲೇ ಬೀದಿ ನಲ್ಲಿ ಐತೆ, ಹಿತ್ತಲಾಗೆ ಕಕ್ಕಸು ಐತೆ. ಸಿದ್ದಕ್ಕ ಈ ವಯಸ್ಸಿನಾಗೆ ಚೊಂಬು ಹಿಡ್ಕಂಡು ಬಯಲಿಗೆ ಹೋಗ್ಬೇಕಾ?” ಎಂದೆ.

“ಅಕ್ಕ ನಮ್ ಜೊತೆ ಬರ್ತಾಳೆ ಅಂತ ಯಾರು ಹೇಳಿದ್ರು?” ಎಂದರು.

“ಬರ್ದೆ ಆ ಬಾಯಿಬಡುಕಿ ಹತ್ರ ಇರ್ತಾರಾ?”

“ನಿಂಗೆ ನಲ್ಲಿ ಬೇಕು ಅನ್ನು” ಎಂದು ನಕ್ಕರು. ಅದೂ ಸುಳ್ಳಲ್ಲ. ನಾನು ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆಯವಳು, ಒಂದು ಕೊಡ ನೀರಿಗೆ ಬೇಸಿಗೆಯಲ್ಲಿ ಮೈಲಿಗಟ್ಟಲೆ ನಡೆದವಳು. ಆದರೆ ಆಣೆ ಮಾಡಿ ಹೇಳುತ್ತೇನೆ, ಆ ಮನೆಯನ್ನು ಹಟ ಹಿಡಿದು ಆರಿಸಿದ್ದು ಮುಖ್ಯವಾಗಿ ಸಿದ್ದಕ್ಕನಿಗಾಗಿ. ಸಿಮೆಂಟಿನ ನೆಲ, ಎಲ್ಲೂ ಹೊಸಲು ಎತ್ತರವಿಲ್ಲ, ಎಡವುವ ಭಯವಿಲ್ಲ ಎಂದುಕೊಂಡಿದ್ದೆ.

ಪಾಲುಪತ್ರ ಬರೆಸಿದ ದಿನ ಊರ ಹಿರಿಯರಾದ ಮುರುಗಪ್ಪನವರು, “ಸಿದ್ದಮ್ಮ ಎಲ್ಲಿರ್ಬೇಕು ಅಂತ ಅವಳೇ ಹೇಳ್ಲಿ” ಎಂದರು. ಸಿದ್ದಕ್ಕ, “ಈ ಮನೆ ನಂಗೊತ್ತು. ಆ ಮನೆ ಗೊತ್ತಿಲ್ಲ. ಒಂದ್ ತಿಂಗ್ಳು ಅಲ್ಲಿದ್ದು ಬಂದು ಹೇಳ್ತೀನಿ” ಎಂದರು. ಒಂದು ತಿಂಗಳು ಸಾಕು, ಆಮೇಲೆ ಕಳಿಸಿಕೊಟ್ಟರೂ ಹೋಗುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಯುಗಾದಿ ಕಳೆದು ಎರಡು ದಿನಕ್ಕೆ ಕರೆದುಕೊಂಡು ಬಂದೆವು. ಆ ತಿಂಗಳು ನಾನು ಅವರನ್ನು ನೋಡಿಕೊಂಡ ಹಾಗೆ ನನ್ನ ಹೆತ್ತ ತಾಯಿಯನ್ನೂ ನೋಡಿಕೊಂಡಿಲ್ಲ. ಬೆಳಗ್ಗೆ ಕೈ ಹಿಡಿದು ಹಿತ್ತಲಿಗೆ ಕರೆದೊಯ್ಯುತ್ತಿದ್ದೆ. ನೀರು ಕಾಯಿಸಿ ಮೈ ತಿಕ್ಕುತ್ತಿದ್ದೆ. ಲಿಂಗಪೂಜೆಗೆ ಕೂತರೆ ವಿಭೂತಿ, ಪತ್ರೆ, ನೀರು ಒಂದೊಂದಾಗಿ ಕೈಗೆ ಕೊಡುತ್ತಿದ್ದೆ. ತಟ್ಟೆ ಕೂತಲ್ಲಿಗೇ ಬರುತ್ತಿತ್ತು. “ಏನಾದ್ರೂ ಕೆಲ್ಸ ಕೊಡೇ ಗಂಗಮ್ಮ, ಹುಣಸೇಹಣ್ಣಾದ್ರೂ ಬಿಡಿಸ್ತೀನಿ” ಎಂದರೆ, “ಸುಮ್ನೆ ಕುಂತ್ಕಳ್ರಿ ಅಕ್ಕ, ಅಲ್ಲಿ ದುಡ್ದಿದ್ದು ಸಾಲ್ದಾ?” ಎನ್ನುತ್ತಿದ್ದೆ. ಮಂಚವನ್ನು ಮೊದಲು ಕಿಟಕಿಯ ಹತ್ತಿರ ಹಾಕಿಸಿದೆ, ಗಾಳಿ ಬರಲಿ ಎಂದು. ಲಾರಿಯ ಧೂಳು ಬರುತ್ತದೆಂದು ಒಳಗೆ ಎಳೆಸಿದೆ. ಅಲ್ಲಿ ಸೆಕೆ ಎನಿಸಿ ಮತ್ತೆ ಪಡಸಾಲೆಗೆ ತಂದೆ. ಬಾಗಿಲ ಪಕ್ಕದ ಟ್ರಂಕು ಅವರ ಕಾಲಿಗೆ ಸಿಗದಿರಲೆಂದು ಮೂರು ಕಡೆ ತಿರುಗಿತು.

ಹದಿನೈದನೆಯ ದಿನವೋ ಹದಿನಾರನೆಯ ದಿನವೋ, ಬೆಳಗ್ಗೆ ನಾನು ನಲ್ಲಿಯ ಹತ್ತಿರ ಇದ್ದಾಗ ಒಳಗೆ ಧಡ್ ಎಂದು ಸದ್ದಾಯಿತು. ಸಿದ್ದಕ್ಕ ಮುಖ ತೊಳೆಯಲೆಂದು ತಾವೇ ಎದ್ದು ಬರುತ್ತಾ ಬೆಂಚಿಗೆ ಎಡವಿ ಬಿದ್ದಿದ್ದರು. ಹುಬ್ಬಿನ ಮೇಲೆ ರಕ್ತ. ಆ ಬೆಂಚನ್ನು ಹಿಂದಿನ ದಿನ ಸಂಜೆ ಅವರು ಕೂರಲಿ ಎಂದು ನಾನೇ ಎಳೆದಿಟ್ಟಿದ್ದೆ. ಬಾಯಿ ಬಡಿದುಕೊಂಡು ಅತ್ತೆ, ಮಕ್ಕಳಿಗೆ ಬೈದೆ, ಕಾಲು ಗಂಟೆಯಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಪಟ್ಟಿ ಹಾಕಿಸಿದೆ. “ಊರಾಗೆ ಆಗಿದ್ರೆ ಯಾರು ಪಟ್ಟಿ ಕಟ್ತಿದ್ರು, ನೋಡ್ರಿ” ಎಂದು ಮನೆಯವರಿಗೆ ಹೇಳಿದೆ.

ಮಾರನೆಯ ದಿನ ಪೇಟೆಯಿಂದ ಒಂದು ಹಿತ್ತಾಳೆ ಗಂಟೆ ತಂದು ಮಂಚಕ್ಕೆ ಕಟ್ಟಿದೆ. “ಏನ್ ಬೇಕಿದ್ರೂ ಇದನ್ನ ಬಾರಿಸ್ರಿ, ನೀವಾಗಿ ಏಳ್ಬೇಡ್ರಿ” ಎಂದು ಕೈಮೇಲೆ ಕೈ ಇಟ್ಟು ಮಾತು ತೆಗೆದುಕೊಂಡೆ. ಅವರು ಒಂದು ಸಲವೂ ಆ ಗಂಟೆ ಬಾರಿಸಲಿಲ್ಲ. ನಾನು ಬರುವವರೆಗೆ ಕಾಲು ಇಳಿಬಿಟ್ಟುಕೊಂಡು ಮಂಚದ ಮೇಲೆ ಕೂತಿರುತ್ತಿದ್ದರು. ಮಾತೂ ಕಡಿಮೆಯಾಗಿತ್ತು. ಹಾಯಾಗಿದ್ದಾರೆ ಎಂದುಕೊಂಡೆ.

ತಿಂಗಳು ತುಂಬಿದ ದಿನ ಎಲ್ಲರೂ ಬಿ.ದುರ್ಗಕ್ಕೆ ಹೋದೆವು. ಬಸ್ಸಿಳಿದು ಮನೆಯ ಬಾಗಿಲವರೆಗೆ ನಾನೇ ಅವರ ಕೈ ಹಿಡಿದು ನಡೆಸಿದೆ. ಹೊಸಲಿನ ಹತ್ತಿರ ಸಿದ್ದಕ್ಕ ಕೈ ಬಿಡಿಸಿಕೊಂಡು ಒಳಗೆ ಹೋದರು. ನಾವು ಚಪ್ಪಲಿ ಬಿಟ್ಟು ಕಾಲು ತೊಳೆದು ಬರುವಷ್ಟರಲ್ಲಿ ಎಲ್ಲರಿಗೂ ಕುಡಿಯಲು ನೀರು ತಂದಿಟ್ಟಿದ್ದರು. ಹಿರಿಯ ಮುರುಗಪ್ಪನವರು ಬಂದು ಕಂಬಕ್ಕೊರಗಿ ಕೂತು, “ಏನಮ್ಮ ಸಿದ್ದಮ್ಮ, ಏನ್ ಅನ್ಕಂಡೆ?” ಎಂದರು.

“ನಾನು ಇಲ್ಲೇ ಇರ್ತೀನಿ” ಎಂದರು ಸಿದ್ದಕ್ಕ.

ಭಾವನವರೇ, “ಅಲ್ಲಿ ಸುಖ ಇರ್ಲಿಲ್ವೇನಮ್ಮ?” ಎಂದು ಕೇಳಿದರು. “ಗಂಗಮ್ಮ ಏನೂ ಕಡ್ಮೆ ಮಾಡ್ಲಿಲ್ಲ. ಆದ್ರೂ ಇಲ್ಲೇ ಇರ್ತೀನಿ” ಎಂದರು.

ನನಗೆ ತಡೆಯಲಾಗಲಿಲ್ಲ. ಹಿರಿಯರೆದುರು ಮಾತಾಡಬಾರದು ಎನ್ನುವುದೂ ಮರೆತು, “ದಿನಾ ಬೈಸ್ಕಂಡು ಇರೋದೇ ಚೆಂದ ಆದ್ರೆ ಇರ್ರಿ! ನಿಮಗೋಸ್ಕರ ಆ ಮನೆ ಆರಿಸ್ಕಂಡಿದ್ದಕ್ಕೆ ನನ್ ಚಪ್ಲೀಲಿ ನಾನೇ ಹೊಡ್ಕಬೇಕು” ಎಂದು ಕೂಗಿದೆ. ಪಾರ್ವತಕ್ಕ ಅಡಿಗೆ ಮನೆಯ ಬಾಗಿಲಲ್ಲೇ ನಿಂತಿದ್ದರು. ಕೇಳಿಸಿಕೊಳ್ಳಲಿ ಎಂದೇ ಕೂಗಿದ್ದೆ.

ಸಿದ್ದಕ್ಕ ಎದ್ದು ಬಂದು, “ಬಾ ಇಲ್ಲಿ” ಎಂದು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಬಾವಿಕಟ್ಟೆಯ ಮೇಲೆ ಕೂರಿಸಿದರು. “ಪಾರ್ವತಿ ಬೈತಾಳೆ ಅಂತೀಯ. ಯಾವಾಗ ಬೈತಾಳೆ ಅಂತ ಒಂದಿನಾನಾದ್ರೂ ನೋಡಿದೀಯ?” ಎಂದರು.

“ಯಾವಾಗ್ಲೂ ಬೈತಾರೆ” ಎಂದೆ.

“ಅಲ್ಲ ಕಣೆ. ಯಾರಾದ್ರೂ ಕೊಡಪಾನ ಬೇರೆ ಕಡೆ ಇಟ್ರೆ ಬೈತಾಳೆ. ಹುಡುಗ್ರು ದಾರಿಯಾಗೆ ಚೀಲ ಬಿಸಾಕಿದ್ರೆ ಬೈತಾಳೆ. ಆಳು ಹಗ್ಗ ಗೂಟಕ್ಕೆ ಸಿಗ್ಸದೆ ನೆಲದ ಮೇಲೆ ಬಿಟ್ರೆ ಬೈತಾಳೆ. ನೀನು ಬಂದ ಹೊಸದ್ರಾಗೆ ಮೊರ ಬಾಗಿಲ ಹಿಂದೆ ಇಟ್ಟೆ ಅಂತ ಅಳಿಸಿದ್ಳಲ್ಲ, ಅಲ್ಲಿ ನಾನು ಕೈಯಾಡ್ಸಿ ಹೋಗ್ತೀನಿ. ಅವಳು ಈ ಮನೆಗೆ ಬಂದಾಗಿಂದ ಇದ್ದಿದ್ದು ಇದ್ದಲ್ಲೇ ಐತೆ. ಒಲೆ ಹೊಸದಾಗಿ ಹಾಕ್ಸುವಾಗ್ಲೂ ಹಳೇದ್ರ ಜಾಗ್ದಾಗೇ ಹಾಕ್ಸಿದ್ಳು. ನಾನು ಇಲ್ಲಿ ಯಾರನ್ನೂ ಕರೀದೆ ಓಡಾಡ್ತೀನಿ. ನಿನ್ ಮನೇಲಿ ದಿನಾ ಬೆಳಗೆದ್ರೆ ಹೊಸಾ ಮನೆ.”

ಹದಿಮೂರು ವರ್ಷದ ಬೈಗುಳಗಳು ಒಂದೊಂದಾಗಿ ನೆನಪಾದವು. ಮಣೆ, ಚೊಂಬು, ಪೊರಕೆ, ಒನಕೆ. ಒಂದರಲ್ಲೂ ನನ್ನ ತವರನ್ನು ಹಳಿದ ಮಾತಿರಲಿಲ್ಲ, ತಿನ್ನುವ ಅನ್ನವನ್ನು ಎಣಿಸಿದ ಮಾತಿರಲಿಲ್ಲ.

ಒಳಗೆ ಪಾರ್ವತಕ್ಕ ರೊಟ್ಟಿ ತಟ್ಟುತ್ತಿದ್ದರು. ಹತ್ತಿರ ಹೋಗಿ ನಿಂತೆ. “ಅಕ್ಕ, ಇದಕ್ಕೆ ಬೈತೀನಿ ಅಂತ ಒಂದ್ ಮಾತು ಹೇಳಿದ್ರೆ ನಾನೇನು ಬ್ಯಾಡ ಅಂತಿದ್ನಾ?” ಎಂದೆ.

ಅವರು ತಲೆ ಎತ್ತಲಿಲ್ಲ. “ಹೆಂಗ್ ಹೇಳ್ಲಿ? ಅವಳಿಗೆ ಕಾಣಲ್ಲ, ಎಡವ್ತಾಳೆ, ಅದಕ್ಕೆ ಹಿಂಗಿಡು ಅಂತ ಅವಳ ಕಿವಿಗೆ ಬೀಳೋ ಹಂಗೆ ದಿನಕ್ಕೆ ಹತ್ತು ಸಲ ಹೇಳ್ಲಾ? ನೀನು ಬರೋಕೆ ಮುಂಚೆ, ನಮ್ಮತ್ತೆ ಸಾಯೋವಾಗ ನನ್ ಕೈ ಹಿಡ್ಕಂಡು ಹೇಳಿದ್ರು, ಆ ಮಾತು ಈ ಮನೇಲಿ ಬರಬಾರ್ದು ಅಂತ. ಹೇಳಂಗಿಲ್ಲ ಅಂದ್ಮೇಲೆ ಬೈದೇ ಮಾಡಿಸ್ಬೇಕು” ಎಂದರು. ಆಮೇಲೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, “ಕುಂತ್ಕ, ಬಿಸೀದು ತಿಂದು ಹೋಗು. ಬಸ್ಸಿಗೆ ಹೊತ್ತೈತೆ” ಎಂದರು.

ತಿಂದೆ. ಅಳುತ್ತಲೇ ತಿಂದೆ. ಇಪ್ಪತ್ತು ವರ್ಷ ಕೆಟ್ಟವಳು ಅನ್ನಿಸಿಕೊಂಡು ಬದುಕುವುದು ನನ್ನ ಕೈಲಂತೂ ಆಗುತ್ತಿರಲಿಲ್ಲ. ನಾನು ಒಂದು ಪಟ್ಟಿ ಕಟ್ಟಿಸಿದ್ದನ್ನು ಇಡೀ ಬೀದಿಗೆ ಹೇಳಿಕೊಂಡು ಬಂದವಳು.

ಸಂಜೆಯ ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದವು. ಚಿಕ್ಕಜಾಜೂರು ದಾಟಿದ ಮೇಲೆ ನಮ್ಮ ಮನೆಯವರು ಮೆಲ್ಲಗೆ, “ಹಿತ್ತಲಾಗೆ ಅಷ್ಟೊತ್ತು ಮಾತಾಡಿದ್ರಲ್ಲ, ಅಕ್ಕ ಯಾಕೆ ಬರಲ್ವಂತೆ?” ಎಂದರು.

“ನಮ್ ಮನೇಲಿ ಅಕ್ಕಂಗೆ ಕಣ್ಣು ಕಾಣಲ್ಲ ಕಣ್ರಿ” ಎಂದೆ.