ಬಾಬಿಯ ಬ್ಯಾಟರಿ ಗಾಡಿ

ಗಂಗೊಳ್ಳಿಯ ಬಾಬಿ ಮೊಣಕಾಲು ನೋವಿದ್ದರೂ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿ ಬದುಕಿದವಳು. 2011ರಲ್ಲಿ ಸರ್ಕಾರದ ಸಹಾಯಧನದ ಬ್ಯಾಟರಿ ಗಾಡಿ ಮಂಜೂರಾದಾಗ, ಇನ್ನು ಹೊರುವುದು ತಪ್ಪಿತು ಎಂದುಕೊಂಡಳು. ಕುಂದಾಪುರದಲ್ಲಿ ಗಾಡಿ ಹಂಚುವ ಸಭೆಗೆ ಬುಟ್ಟಿ ತುಂಬ ಬಂಗುಡೆ ಮೀನು ತರಲು ಹೇಳಿದ್ದರು, ತಂದಳು. ಬುಟ್ಟಿಯನ್ನು ಗಾಡಿಯಲ್ಲಿಟ್ಟು, ಅವಳಿಗೆ ಹಾರ ಹಾಕಿ ಫೋಟೋ ತೆಗೆದರು. ಸಭೆ ಮುಗಿದದ್ದೇ ಗಾಡಿ ಕಂಪನಿಯವನು ಸೀಟಿನಡಿಯ ಬ್ಯಾಟರಿ ಬಿಚ್ಚಿ ಜೀಪಿಗೆ ಹಾಕಿದ.

“ಹ್ವಾಯ್, ಅದನ್ನ್ ಎಲ್ಲಿಗ್ ತಕಂಡ್ ಹೋತ್ರಿ?”

“ಬೈಂದೂರಗೂ ಫೋಟೋ ಇತ್ತ್ ಅಕ್ಕ. ಬ್ಯಾಟ್ರಿ ಇಪ್ಪುದ್ ಒಂದೇ. ಸರ್ಕಾರದ ದುಡ್ಡ್ ಬಂದ್ಮೇಲೆ ನಿಮ್ದ್ ಬತ್ತ್.”

“ಈ ಮೀನ್ ಎಂತ ಮಾಡುದ್?”

“ನಿಮ್ಗ್ ಅಭ್ಯಾಸ ಇತ್ತಲೆ, ಹೊತ್ಕಂಡ್ ಹೋಯ್ನಿ.”

ಸುತ್ತಲಿದ್ದವರು ನಕ್ಕರು. ಬಾಬಿ ಕೊರಳಿನ ಹಾರವನ್ನೇ ಸುತ್ತಿ ತಲೆಗೆ ಸಿಂಬಿ ಮಾಡಿಕೊಂಡಳು. ಬುಟ್ಟಿಯನ್ನು ಕಂಪನಿಯವನೇ ಎತ್ತಿ ಅದರ ಮೇಲಿಟ್ಟ.