ಕೆಂಡಕ್ಕ ಒಲ್ಲೆ ಅನ್ನಲಿಲ್ಲ

ಇಸ್ತ್ರಿ ಅಂಗಡಿಯ ಹೆಂಗಸಿಗೆ ಕೆಂಡಕ್ಕ ಎಂಬ ಹೆಸರು ಬಂದದ್ದು ಬರೀ ಇಸ್ತ್ರಿಪೆಟ್ಟಿಗೆಯಿಂದಲ್ಲ, ನಾಲಿಗೆಯಿಂದಲೂ. ಗುಂಡಿ ಕಿತ್ತ ಅಂಗಿ ತಂದವರ ಜನ್ಮ ಜಾಲಾಡಿ ಕಳಿಸುತ್ತಿದ್ದಳು. ದೇವರಿಗೆ ಅವಳು ಕೈಮುಗಿದದ್ದನ್ನು ಕಂಡವರಿಲ್ಲ. ಅವಳ ಪಾಲಿನದನ್ನೂ ಗಂಡನೇ ಮುಗಿಸುತ್ತಿದ್ದ. ಶಾಲೆಯ ಗುಮಾಸ್ತನಾದ ಅವನು ಬೆಳಿಗ್ಗೆ ಪ್ರಾರ್ಥನೆಯಾಗದೆ ತೊಟ್ಟು ನೀರೂ ಮುಟ್ಟದ, ಇರುವೆ ಕಂಡರೆ ಸುತ್ತಿ ನಡೆಯುವ ಸಾಧು.

ಗಂಡನ ತಂಗಿಗೂ ಅವಳಿಗೂ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಅತ್ತೆ ತೀರಿಕೊಂಡ ದಿನ ನಾದಿನಿ ಬಂದವರೆಲ್ಲರ ಎದುರು, ಅತ್ತಿಗೆ ಹೊತ್ತಿಗೆ ಸರಿಯಾಗಿ ಔಷಧಿ ಕೊಟ್ಟಿದ್ದರೆ ಅಮ್ಮ ಉಳಿಯುತ್ತಿದ್ದಳು ಎಂದುಬಿಟ್ಟಿದ್ದಳು. ಎರಡು ವರ್ಷ ಮುದುಕಿಯ ಹೇಲುಚ್ಚೆ ಬಳಿದವಳಿಗೆ ಸಿಕ್ಕ ಮಾತು ಅದು.

ಈಗ ಆ ನಾದಿನಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಪರೀಕ್ಷೆ ಮಾಡಿದಾಗ ಅಣ್ಣನದು ಹೊಂದಿತು. ದೇವರೇ ದಾರಿ ತೋರಿಸಿದ ಎಂದು ಅವನು ಕಂಡವರಿಗೆಲ್ಲ ಹೇಳಿಕೊಂಡ. ಒಪ್ಪಿಗೆ ಪತ್ರಕ್ಕೆ ರುಜು ಹಾಕುವ ದಿನ ಮಾತ್ರ ಆಸ್ಪತ್ರೆಯ ಬೆಂಚಿನಿಂದ ಏಳಲಿಲ್ಲ. ಹೆದರಿಕೆಯಾಗುತ್ತೆ ಎಂದ. ಒತ್ತಾಯವೇನಿಲ್ಲ ಎಂದರು ಡಾಕ್ಟರು. ಮನೆಗೆ ಬಂದವನು ಮೂರು ದಿನ ಪ್ರಾರ್ಥನೆಗೂ ಕೂರಲಿಲ್ಲ.

ಕೆಂಡಕ್ಕ ಅವನನ್ನು ಏನೂ ಅನ್ನಲಿಲ್ಲ. ನಾದಿನಿಗೆ ಹೀಗಾದದ್ದಕ್ಕೆ ಒಳಗೊಳಗೇ ಖುಷಿಯಾದೀತೇನೋ ಎಂದು ತನ್ನನ್ನೇ ಗಮನಿಸಿದಳು. ಆಗಲಿಲ್ಲ. ಅಯ್ಯೋ ಪಾಪ ಎಂದೂ ಅನ್ನಿಸಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಅರ್ಧ ಮಡಿಸಿದ ಪ್ಯಾಂಟನ್ನು ಹಾಗೇ ಬಿಟ್ಟು, ಅಂಗಡಿಗೆ ಬೀಗ ಜಡಿದು, ಆಸ್ಪತ್ರೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದಳು. ಅವಳದೂ ಹೊಂದಿತು.

ಆಪರೇಷನ್ ಆದ ಮೇಲೆ ನೋಡಲು ಬಂದ ನೆರೆಯವರು, ದೇವರೇ ನಿನ್ನೊಳಗೆ ಕೂತು ಮಾಡಿಸಿದ ಎಂದರು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು. "ಅವನು ಮಾಡಿಸಿದ್ದಾದ್ರೆ ಹೊಲಿಗೆ ನಂಗ್ಯಾಕೆ ಹಾಕಿದ್ರು? ಒಲ್ಲೆ ಅನ್ನೋಕೆ ನಂಗೂ ಬಾಯಿತ್ತು. ಅನ್ನಲಿಲ್ಲ, ಅಷ್ಟೇ."

ಅವರು ಹೋದ ಮೇಲೆ ಗಂಡ ನೆಲ ನೋಡುತ್ತಾ ಕೇಳಿದ: "ನನ್ನ ಕೈಲಾಗದ್ದು ನಿನ್ನ ಕೈಲಿ ಹೇಗಾಯ್ತೇ?"

ಬೇರೆ ಯಾರಾದರೂ ಹಾಗೆ ಕೇಳಿದ್ದರೆ ಕೆಂಡಕ್ಕ ಚುಚ್ಚುತ್ತಿದ್ದಳು. "ಗೊತ್ತಿಲ್ಲ ಕಣ್ರೀ. ಇನ್ನೊಂದು ದಿನ ಕೇಳಿದ್ರೆ ನಾನೂ ಹಿಂದೆ ಸರೀತಿದ್ನೇನೋ," ಎಂದಳು. ಅವನು ಅವಳ ಹೊದಿಕೆ ಸರಿಮಾಡಿದ.

ನಾದಿನಿ ಚೇತರಿಸಿಕೊಳ್ಳತೊಡಗಿದಳು. ಒಂದು ಬೆಳಿಗ್ಗೆ ಆಸ್ಪತ್ರೆಯ ಪಡಸಾಲೆಯಲ್ಲಿ ಗೋಡೆ ಹಿಡಿದು ನಡೆಯುತ್ತಾ ಇಬ್ಬರೂ ಎದುರಾದರು.

"ಅತ್ತಿಗೆ, ಅವತ್ತು ನಾನಂದ ಮಾತು..."

"ಅದನ್ನ ನಾನೇನೂ ಮರೆತಿಲ್ಲ," ಎಂದಳು ಕೆಂಡಕ್ಕ. "ಮೊದಲು ಕೂತ್ಕೋ. ಕಾಲು ನಡುಗ್ತಾ ಇದೆ."

ಇಬ್ಬರೂ ಬೆಂಚಿನ ಮೇಲೆ ಕೂತರು. ನಡೆದಾಡಬೇಕಾದವರು ಹೀಗೆ ಕೂತುಬಿಟ್ಟರೆ ಹೇಗೆ ಎಂದು ನರ್ಸು ಬಂದು ಇಬ್ಬರಿಗೂ ಸೇರಿಸಿ ಬೈದಳು.