ರಕ್ತ ಕೇಳಿದ ಡಾಕ್ಟರಮ್ಮ

ನಮ್ಮ ಡಾಕ್ಟರಮ್ಮ ಎಷ್ಟು ಕುಳ್ಳಗಿದ್ದರೆಂದರೆ, ಪರೀಕ್ಷೆಯ ಮಂಚದ ಪಕ್ಕದಲ್ಲಿ ಅವರಿಗೆಂದೇ ಒಂದು ಮರದ ಮಣೆ ಇರುತ್ತಿತ್ತು. ಅದನ್ನು ಹತ್ತಿ ನಿಂತು, ನಮ್ಮ ಹೊಟ್ಟೆ ಮುಟ್ಟುವ ಮೊದಲು ಎರಡೂ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಅವರ ತಂದೆ ಕನ್ನಡದವರು, ತಮಿಳು ಸೀಮೆಯ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು. ಇವರು ಹುಟ್ಟಿ ಬೆಳೆದದ್ದು, ಕ್ಲಿನಿಕ್ ತೆರೆದದ್ದು ಎಲ್ಲ ಅಲ್ಲೇ. ತಮ್ಮ ಕನ್ನಡದೊಳಗೆ ತಮಿಳು ಎಲ್ಲಿ ಶುರುವಾಗುತ್ತದೆಂದು ಅವರಿಗೇ ತಿಳಿಯುತ್ತಿರಲಿಲ್ಲ. ಬಂದವರನ್ನೆಲ್ಲ ಮುದ್ದಿನಿಂದ ‘ಕಣ್ಣಾ’ ಎನ್ನುತ್ತಿದ್ದರು.

ನಾನು ಅವರ ಬಳಿ ಹೋದದ್ದು ಎರಡನೆಯ ಸಲ ಗರ್ಭಿಣಿಯಾದಾಗ. ರಕ್ತದೊತ್ತಡ ಏರಿ ಮೊದಲ ಮಗು ಏಳನೆಯ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಗಿತ್ತು. ಮೈಸೂರಿನಿಂದ ಬಂದಿದ್ದ ನನ್ನ ಅತ್ತೆ ಡಾಕ್ಟರಮ್ಮನ ಎದುರಿಗೇ ಹೇಳಿಬಿಟ್ಟರು: “ಪೆರುಂಗುಡಿ ಆಫೀಸಲ್ಲಿ ಬೆಳಗಿಂದ ಸಂಜೆವರೆಗೂ ಏಸೀಲಿ ಕೂತಿರ್ತಾಳೆ. ಮೈಗೆ ಬಿಸಿಲೇ ಬೀಳಲ್ಲ. ವಿಟಮಿನ್ ಡಿ ಇಲ್ದೇನೇ ಹೀಗಾಗಿದ್ದು ಅಂತಾರೆ ಎಲ್ಲಾರೂ.”

ನಾನೂ ಹಾಗೇ ನಂಬಿದ್ದೆ. ತಲೆ ತಗ್ಗಿಸಿದೆ.

“ಅಷ್ಟು ಸುಲಭವಾಗಿದ್ರೆ ನಾನು ಎಲ್ಲರನ್ನೂ ತಾರಸಿ ಮೇಲೆ ಕೂರಿಸಿಬಿಡ್ತಿದ್ದೆ ಅಮ್ಮಾ,” ಎಂದರು ಡಾಕ್ಟರಮ್ಮ. “ವಿಟಮಿನ್ ಡಿ ಮೈಗೆ ಸೇರಿದ್ರೆ ಸಾಲ್ದು, ಅದನ್ನ ಹಿಡ್ಕೊಳ್ಳೋಕೆ ಒಳಗೆ ರಿಸೆಪ್ಟರ್ ಅಂತ ಒಂದು ಬೇಕು. ಅದರ ಜೀನು ಒಬ್ಬೊಬ್ಬರಲ್ಲಿ ಒಂಚೂರು ಬೇರೆ ಇರತ್ತೆ. ಆ ವ್ಯತ್ಯಾಸಕ್ಕೂ ಬಸುರಿಯರ ಬಿ.ಪಿ.ಗೂ ಸಂಬಂಧ ಇದೆಯಾ ಅಂತ ಹುಡುಕ್ತಾ ಇದೀವಿ. ಇನ್ನೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಈ ಹುಡುಗೀನ ಬೈಬೇಡಿ. ಅವ್ಳೋದಾನ್, ಅಷ್ಟೇ.”

ಒಂದು ವೈದ್ಯಕೀಯ ಕಾಲೇಜಿನವರ ಜೊತೆ ಸೇರಿ ಅವರು ಆ ಸಂಶೋಧನೆ ಮಾಡುತ್ತಿದ್ದರು. “ಸ್ವಲ್ಪ ರಕ್ತ ಕೊಡ್ತೀಯಾ ಕಣ್ಣಾ? ಬೇಡ ಅಂದ್ರೂ ನಿನ್ನ ನೋಡ್ಕೊಳ್ಳೋದೇನೂ ಬಿಡಲ್ಲ” ಎಂದರು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಹಚ್ಚಿಕೊಂಡಿರಿ ಎಂದು ಕೇಳಿದೆ. ಕೈ ತೊಳೆಯುತ್ತಾ, ನನ್ನ ಕಡೆ ತಿರುಗದೆಯೇ ಹೇಳಿದರು: “ನಮ್ಮಕ್ಕ ಬಿಸಿಲಲ್ಲೇ ಬೆಳೆದೋಳು. ಬಸುರಿಯಾಗಿದ್ದಾಗ ತಲೆನೋವು ಅಂದ್ಲು. ನಾವು ಕಾಫಿ ಮಾಡಿಕೊಟ್ವಿ. ಸಾಯಂಕಾಲ ಫಿಟ್ಸ್ ಬಂತು. ತಾಯೀನೂ ಉಳೀಲಿಲ್ಲ, ಮಗೂನೂ ಉಳೀಲಿಲ್ಲ.”

ನಾನು ತೋಳು ಚಾಚಿದೆ.

ಎಂಟನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ, ಆಫೀಸಿನಲ್ಲಿದ್ದಾಗ ತಲೆ ಸಿಡಿಯತೊಡಗಿತು. ಪರದೆಯ ಮೇಲಿನ ಅಕ್ಷರಗಳ ನಡುವೆ ಬೆಳಕಿನ ಚುಕ್ಕೆಗಳು ಕುಣಿದವು. ಮೀಟಿಂಗ್ ಮುಗಿಸಿ ಹೊರಡೋಣ ಎಂದುಕೊಂಡವಳಿಗೆ ಆ ಅಕ್ಕನ ನೆನಪಾಯಿತು. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. “ಮನೆಗೆ ಹೋಗ್ಬೇಡ. ಇದ್ದ ಹಾಗೇ ಆಸ್ಪತ್ರೆಗೆ ಬಾ. ನಾನೂ ಹೊರಟೆ” ಎಂದರು. ನನ್ನ ಟ್ಯಾಕ್ಸಿ ತಲುಪುವಷ್ಟರಲ್ಲಿ ಬಾಗಿಲಲ್ಲೇ ನಿಂತಿದ್ದರು. ಅಂದೇ ಆಪರೇಷನ್ ಆಯಿತು. ಮಗಳು ಅಂಗೈಯಗಲ ಇದ್ದಳು. ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿದ್ದು, ಉಳಿದಳು.

ಸಂಶೋಧನೆ ಮುಗಿದ ಮೇಲೆ ರಕ್ತ ಕೊಟ್ಟವರನ್ನೆಲ್ಲ ಕ್ಲಿನಿಕ್ಕಿಗೆ ಕರೆಸಿ, ಕಡಲೆಕಾಳಿನ ಸುಂಡಲ್ ಹಂಚಿದರು. ಆಮೇಲೆ ನೇರವಾಗಿ ಹೇಳಿದರು: “ಸಿಗತ್ತೆ ಅಂದ್ಕೊಂಡಿದ್ದೆ. ಸಿಗಲಿಲ್ಲ. ಬೇರೆ ಕಡೆ ಕೆಲವರಿಗೆ ಸಂಬಂಧ ಕಂಡಿದೆ, ನಮ್ಮ ಹೆಂಗಸರಲ್ಲಿ ಸ್ಪಷ್ಟವಾಗಿ ಏನೂ ಕಾಣಲಿಲ್ಲ.” ಹಾಗಾದರೆ ನಮ್ಮ ರಕ್ತ ದಂಡವಾಯಿತೇ ಎಂದು ಒಬ್ಬಾಕೆ ತಮಿಳಿನಲ್ಲಿ ಕೇಳಿದಳು. “ಯಾಕೆ ದಂಡ? ಇದೊಂದೇ ಜೀನಿನ ಮೇಲೆ ತಪ್ಪು ಹೊರಿಸೋ ಹಾಗಿಲ್ಲ ಅಂತ ಗೊತ್ತಾಯ್ತಲ್ಲ. ಇನ್ನು ಮುಂದಿನವರು ಬೇರೆ ಕಡೆ ಹುಡುಕ್ಲಿ” ಎಂದರು. ಮುಖದಲ್ಲಿ ನಿರಾಶೆ ಇತ್ತು, ಮುಚ್ಚಿಡಲು ಹೋಗಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಮಗಳನ್ನು ಕರೆದುಕೊಂಡು ಹೋದೆ. ಬೀದಿಯ ತುಂಬ ಹೆಂಗಸರು, ಪ್ರತಿಯೊಬ್ಬರ ಕೈ ಹಿಡಿದು ಒಂದು ಮಗು. ಮಕ್ಕಳು ಎಷ್ಟು ಹೊತ್ತು ಸುಮ್ಮನಿದ್ದಾರು? ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಓಡತೊಡಗಿದರು, ನನ್ನ ಮಗಳೂ ಸೇರಿಕೊಂಡಳು. ನಾನು ಗದರಲು ಹೋದೆ. ಹೂವಿನ ಹಾರ ಹಿಡಿದು ನಿಂತಿದ್ದ ಅವರ ತಮ್ಮ ನನ್ನನ್ನು ತಡೆದರು.

“ಬಿಡಮ್ಮಾ,” ಎಂದರು. “ಓಡಾಡ್ಲಿ.”